ಸಾಹುಕಾರ್ರ ಕಣ್ಣಿಗೆ ಬೀಳದ ವೋಟು

ಬೇಸಿಗೆ ಪೈರಿಗೆ ಕೆರೆ ನೀರು ಬಿಡೋ ಹೊತ್ತಿಗೇ ಎಪ್ಪತ್ತೆರಡರ ಎಲೆಕ್ಷನ್ ಬಂತು. ಸಿಂಗಟಗೆರೆ ಕಡೆಯ ಒಂದು ಊರಿನ ನೀರುಗಂಟಿ ಚಿಕ್ಕಬೀರಪ್ಪನಿಗೆ ಕೂತಲ್ಲಿ ಕೂರಕ್ಕಾಗಲಿಲ್ಲ. ತೂಬಿನ ಗೂಟ ಎತ್ತಿ, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡೋದು ಅವನ ಕೆಲಸ. ಊರಿನ ಸಾಹುಕಾರ್ರು ಅವನನ್ನ ಕೆರೆ ಏರಿ ಮೇಲೇ ತಡೆದು ಹೇಳಿದ್ರು:

"ನಮ್ಮ ಕ್ಯಾಂಡಿಡೇಟಿಗೆ ಈ ಬೂತಲ್ಲಿ ವೋಟು ಕಮ್ಮಿ ಬಿತ್ತೋ, ಕೆಳಗಿನ ಗದ್ದೆಗೆ ಗೂಟ ಎತ್ಬೇಡ. ಹಿಂದಿನ ಸಲದ್ದು ನೆನಪಿದೆ ತಾನೆ?"

ಮರೆಯೋದೆಂಗೆ? ಅರವತ್ತೇಳರಲ್ಲಿ ಒಂದೊಂದು ಬೂತಿನ ಪೆಟ್ಟಿಗೆನೂ ಬೇರೆಬೇರೆ ಎಣಿಸಿದ್ರು. ಯಾವ ಊರು ಯಾರಿಗೆ ಹಾಕ್ತು ಅನ್ನೋದು ಬಯಲಾಯ್ತು. ಸಾಹುಕಾರ್ರು ಗೂಟ ಎತ್ತಕ್ಕೆ ಬಿಡ್ಲಿಲ್ಲ, ಕೆಳಗಿನ ಗದ್ದೆಗಳು ಒಣಗಿ ಬಿರುಕು ಬಿಟ್ವು. ಅದ್ರಲ್ಲಿ ಚಿಕ್ಕಬೀರಪ್ಪನದೂ ಒಂದು.

ಅದಕ್ಕೇ ಅವನು ಮನೆಮನೆಗೆ ಹೋಗಿ, "ಅವರು ಹೇಳಿದ ಗುರುತಿಗೇ ಮುದ್ರೆ ಒತ್ರಪ್ಪಾ" ಅಂತ ಅಂಗಲಾಚ್ತಿದ್ದ.

"ನೀರುಗಂಟಿ ಕೆಲಸ ಬಿಟ್ಟು ಡಂಗೂರ ಹೊಡೆಯೋ ಕೆಲಸ ಹಿಡಿದ್ರಾ?" ಅಂತ ಹೆಂಡತಿ ಹಾಲಮ್ಮ ಚುಚ್ಚಿದಳು.

ಅವತ್ತು ಶಿವನಿಯಿಂದ ಅವಳ ತಮ್ಮ ಲಕ್ಕಣ್ಣ ಬಂದಿದ್ದ. ಹೋದ ವರ್ಷದ ಪಾರ್ಲಿಮೆಂಟ್ ಎಲೆಕ್ಷನ್ನಲ್ಲಿ ವೋಟು ಎಣಿಸೋ ಕಡೆ ಒಬ್ಬ ಕ್ಯಾಂಡಿಡೇಟಿನ ಏಜೆಂಟಾಗಿ ಕೂತಿದ್ದವನು.

"ಭಾವ, ಈಗ ಹಂಗೆಲ್ಲ ಎಣಿಸಲ್ಲ. ಪೆಟ್ಟಿಗೆಯಲ್ಲಿ ಎಷ್ಟು ಚೀಟಿ ಇದಾವೆ ಅಂತ ಮಾತ್ರ ನೋಡಿ ಕಟ್ಟು ಕಟ್ತಾರೆ. ಆಮೇಲೆ ಎಷ್ಟೋ ಊರಿನ ಕಟ್ಟನ್ನ ಒಂದು ದೊಡ್ಡ ಡ್ರಮ್ಮಿಗೆ ಹಾಕಿ ಕಲಸಿಬಿಡ್ತಾರೆ. ಯಾವ ಊರಿಂದು ಯಾವ್ದು ಅಂತ ನನಗೇ ಗೊತ್ತಾಗ್ಲಿಲ್ಲ, ಅಲ್ಲೇ ಕೂತಿದ್ದವನಿಗೆ."

"ಕಲಸೋರು ಯಾರು?" ಅಂದ ಚಿಕ್ಕಬೀರಪ್ಪ. " ತಾಲ್ಲೂಕಿನ ಅಮಲ್ದಾರ್ರು. ಅವರು ಊಟ ಮಾಡೋದು ಸಾಹುಕಾರ್ರ ಮನೇಲಿ."

"ಊಟ ಎಲ್ಲಾದ್ರೂ ಮಾಡ್ಲಿ. ಎಲೆಕ್ಷನ್ ಕೆಲಸದಲ್ಲಿ ಚುನಾವಣಾ ಆಯೋಗ ಹೇಳಿದಂಗೆ ಕೇಳ್ಬೇಕು. ಮಂತ್ರಿ ಹೇಳಿದಂಗಲ್ಲ."

"ಆಯೋಗದೋರನ್ನ ನೇಮಿಸೋರು ಯಾರಪ್ಪಾ?"

ಲಕ್ಕಣ್ಣ ತಲೆ ಕೆರೆದುಕೊಂಡ. "ದಿಲ್ಲಿ ಸರ್ಕಾರ ಹೇಳಿದೋರನ್ನ ರಾಷ್ಟ್ರಪತಿಗಳು ನೇಮಿಸ್ತಾರೆ. ಆದ್ರೆ ಮುಖ್ಯ ಆಯುಕ್ತರನ್ನ ಬೇಕಾದಾಗ ಕಿತ್ತುಹಾಕಕ್ಕೆ ಬರಲ್ಲ. ಸುಪ್ರೀಂ ಕೋರ್ಟ್ ಜಡ್ಜನ್ನ ತೆಗೆಯೋವಷ್ಟೇ ಕಷ್ಟ."

"ನೋಡ್ದಾ, ಕೊನೆಗೆ ಅವರೂ ನನ್ನಂಗೇ. ಗೂಟ ಕೈಲಿದೆ, ಹೇಳೋನು ಏರಿ ಮೇಲೆ ನಿಂತವ್ನೆ."

ಹಾಲಮ್ಮ ಮೊರ ಕೆಳಗಿಟ್ಟಳು. "ನಿಮ್ಗೆ ಗೂಟ ಕೊಟ್ಟಿದ್ದು ಸಾಹುಕಾರ್ರಾ, ಊರಾ?"

"ಊರು."

"ಮತ್ತೆ ಅವರು ಬೆದರಿಸಿದ್ದನ್ನ ಊರಿಗೆ ಹೇಳಿದ್ರಾ? ಗುರುತು ಹೇಳ್ಕೊಂಡು ತಿರುಗಿದ್ರಿ, ಅಷ್ಟೇ. ಊರಿಗೇ ಗೊತ್ತಿಲ್ದೆ ನಿಮ್ಮ ಬೆನ್ನಿಗೆ ಯಾರು ನಿಲ್ತಾರೆ? ಆಯೋಗಕ್ಕೂ ಅಷ್ಟೇ. ಜನ ಕೇಳ್ತಿದ್ರೆ ಅದು ನಮ್ದು. ಸುಮ್ನಿದ್ರೆ ಅವರದ್ದು."

ಚಿಕ್ಕಬೀರಪ್ಪ ಚಪ್ಪಲಿ ಮೆಟ್ಟಿ ಎದ್ದ. ಅದೇ ಮನೆಗಳಿಗೆ ಮತ್ತೆ ಹೋದ. ಸಾಹುಕಾರ್ರು ಏರಿ ಮೇಲೆ ಏನಂದ್ರು ಅನ್ನೋದನ್ನ ಹೇಳಿದ. "ಗುರುತಿನ ಮಾತು ಮರೀರಿ. ನಿಮ್ಮಿಷ್ಟ ಬಂದೋರಿಗೆ ಒತ್ರಿ" ಅಂದ.

ಫಲಿತಾಂಶ ಬಂದ ಮೇಲೆ ಸಾಹುಕಾರ್ರು ಏರಿಗೆ ಬಂದ್ರು.

"ಏನೋ, ನಮ್ಮೂರೋರು ಯಾರಿಗೆ ಹಾಕಿದ್ರು?"

"ಡ್ರಮ್ಮಲ್ಲಿ ಹುಡುಕ್ಬೇಕು ಬುದ್ಧಿ" ಅಂದ ಚಿಕ್ಕಬೀರಪ್ಪ. ಕೆಳಗಿನ ಗದ್ದೆಯೋರೆಲ್ಲ ಗುದ್ದಲಿ ಹಿಡಿದು ಏರಿ ಕೆಳಗೆ ನಿಂತಿದ್ರು. ಅವರ ಸರದಿ ಅವತ್ತು. ಗೂಟ ಎತ್ತಿದ.

ಓದ್ತಿರೋ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ವೋಟಿಗೆ ನೀರು, ಕೂಲಿ, ದಾರಿ ಅಡ್ಡ ಇಟ್ಟು ಹೆದರಿಸೋರು ನಿಮ್ಮೂರಲ್ಲೂ ಅವರೆ. ಹೆದರಬೇಡಿ, ಹೋಗಿ ಒತ್ತಿ. ಆದ್ರೆ ಒತ್ತಿ ಬಂದು ಮಲಗಬೇಡಿ. ಅವತ್ತು ಕಲಸ್ತಿದ್ರು, ಈಗ ಯಾಕೆ ಕಲಸಲ್ಲ ಅಂತ ಕೇಳಿ. ಆಯೋಗದಲ್ಲಿ ಯಾರನ್ನ ಕೂರಿಸಿದ್ರು, ಯಾಕೆ ಕೂರಿಸಿದ್ರು ಅಂತ ಕೇಳಿ. ಒಬ್ಬರೇ ಕೇಳಬೇಡಿ, ಊರೇ ಕೇಳಲಿ.