ಊರಲ್ಲಿ ನಿಲ್ಲದ ಸೈಕಲ್

ಸ್ವಾಮಿ ಹೊಟ್ಟೆಪಾಡಿಗೆ ಸೈಕಲ್ ತುಳಿಯುವವನು. ತಮಾಷೆಯ ಮಾತಲ್ಲ ಇದು. ಸಂಬಳ ಕೊಡುವ ತಂಡವೊಂದಕ್ಕಾಗಿ ಹತ್ತು ವರ್ಷದಿಂದ ರೋಡ್ ರೇಸ್‌ಗಳಲ್ಲಿ ತುಳಿಯುತ್ತಿದ್ದ, ಒಂದನ್ನೂ ಗೆದ್ದಿರಲಿಲ್ಲ. ಗೆಲ್ಲುವುದು ಅವನ ಕೆಲಸವೇ ಅಲ್ಲ. ತಂಡದ ನಾಯಕ ಅತೀಕನ ಮುಂದೆ ಗಾಳಿಗೆ ಎದೆಯೊಡ್ಡಿ ಹೋಗಬೇಕು, ಹಿಂದೆ ಬರುವ ಕಾರಿನಿಂದ ನೀರಿನ ಬಾಟಲಿ ತಂದುಕೊಡಬೇಕು, ಅತೀಕನ ಚಕ್ರ ಪಂಕ್ಚರಾದರೆ ತನ್ನದನ್ನು ಬಿಚ್ಚಿಕೊಟ್ಟು ರಸ್ತೆ ಬದಿಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಲ್ಲಬೇಕು. ಮದುವೆ ಮನೆಯಲ್ಲಿ ಬಡಿಸುವವನ ಹಾಗೆ. ಉಣ್ಣುವವರು ಯಾವಾಗಲೂ ಬೇರೆಯವರು.

ಈ ಸಲ ಮ್ಯಾನೇಜರು ನೇರವಾಗಿಯೇ ಹೇಳಿಬಿಟ್ಟಿದ್ದ. ವಯಸ್ಸು ಮೂವತ್ತು ದಾಟಿತು, ಹೆಸರಿನ ಮುಂದೆ ಒಂದು ಗೆಲುವೂ ಇಲ್ಲ, ಮುಂದಿನ ವರ್ಷಕ್ಕೆ ನಿನ್ನನ್ನು ಇಟ್ಟುಕೊಳ್ಳಿ ಎಂದು ಮಾಲೀಕರನ್ನು ಯಾವ ಮುಖದಲ್ಲಿ ಕೇಳಲಿ ಎಂದು. ಸ್ವಾಮಿಯ ಪಾಲಿಗೆ ಇದೇ ಕೊನೆಯ ರೇಸು. ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬರಬೇಕೆಂದು ಆಸೆಯೂ ಇರಲಿಲ್ಲ. ಸೈಕಲ್ಲಿನಿಂದ ಇಳಿದ ಮೇಲೆ ತಾನು ಯಾರು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಆ ರೇಸಿನ ದಾರಿ ಕನಕಪುರದಿಂದ ಹೊರಟು, ಕಬ್ಬಾಳು ಹಾದು, ಸ್ವಾಮಿಯ ಊರು ವಿರೂಪಾಕ್ಷಿಪುರದ ನಡುವೆಯೇ ನುಗ್ಗಿ ಚನ್ನಪಟ್ಟಣದಲ್ಲಿ ಮುಗಿಯುತ್ತಿತ್ತು. ಈ ಆಟದವರಲ್ಲಿ ಒಂದು ರೂಢಿ ಇದೆ. ರೇಸು ಯಾರದಾದರೂ ಊರಿನ ಮೇಲೆ ಹೋದರೆ ಅವನನ್ನು ಒಂದಿಷ್ಟು ಮುಂದೆ ಬಿಡುತ್ತಾರೆ. ಅವನು ಊರಲ್ಲಿ ನಿಂತು, ಮನೆಯವರನ್ನು ಮಾತಾಡಿಸಿ, ಹಿಂದಿನಿಂದ ಬರುವ ಗುಂಪನ್ನು ಮತ್ತೆ ಸೇರಿಕೊಳ್ಳುತ್ತಾನೆ. ಎಲ್ಲೂ ಬರೆದಿಟ್ಟಿಲ್ಲ, ಬರೀ ನಂಬಿಕೆ. ಅತೀಕನೇ ಬೇರೆ ತಂಡದವರನ್ನೆಲ್ಲ ಒಪ್ಪಿಸಿ ಬಂದ.

"ಹೋಗಣ್ಣ, ಅವ್ವನ್ನ ಮಾತಾಡಿಸ್ಕೊ. ನಾವು ನಿಧಾನಕ್ಕೆ ಬತ್ತೀವಿ."

ಸ್ವಾಮಿ ನಿಲ್ಲಬೇಕೆಂದೇ ಹೊರಟಿದ್ದ. ಅದರಲ್ಲಿ ಸುಳ್ಳಿಲ್ಲ. ಊರ ತಿರುವಿನಲ್ಲಿ ಹಾಲಿನ ಡೇರಿಯ ಮುಂದೆ, ರಸ್ತೆಯ ಎಡಕ್ಕೆ, ಅವ್ವ ಮುನಿಯಮ್ಮ ಕೆತ್ತಿದ ಎಳನೀರು ಹಿಡಿದು ನಿಂತಿದ್ದಳು. ಮಗ ರೇಸಿನಲ್ಲಿ ಸೈಕಲ್ ತುಳಿಯುವುದನ್ನು ಅವಳು ನೋಡಿದವಳೇ ಅಲ್ಲ. ನನ್ನ ಮಗ ನಿಲ್ತಾನೆ ಎಂದು ಕೇರಿಗೆಲ್ಲ ಸಾರಿ ಜನ ಕೂಡಿಸಿದ್ದಳು. ಸ್ವಾಮಿಯ ಬೆರಳು ಬ್ರೇಕಿನ ಮೇಲೆ ಹೋಯಿತು. ಸುಮ್ಮನೆ ಹಿಂದೆ ತಿರುಗಿ ನೋಡಿದ.

ರಸ್ತೆ ಖಾಲಿ. ಹತ್ತು ವರ್ಷದಲ್ಲಿ ಒಮ್ಮೆಯೂ ಅವನ ಹಿಂದೆ ರಸ್ತೆ ಹೀಗೆ ಖಾಲಿ ಬಿದ್ದಿರಲಿಲ್ಲ.

ಸೈಕಲ್ಲನ್ನು ಬಲಕ್ಕೆ ಎಳೆದ, ತಲೆ ತಗ್ಗಿಸಿದ, ತುಳಿದ. ಅವ್ವ ಅವನ ಹೆಸರು ಕೂಗಿದ್ದು ಕೇಳಿಸಿತು. ನಾಲ್ಕು ಹೆಜ್ಜೆ ಓಡಿಬಂದದ್ದೂ ಕಣ್ಣಂಚಿಗೆ ಬಿತ್ತು. ಇನ್ನೂ ಜೋರಾಗಿ ತುಳಿದ. ಮನುಷ್ಯನಿಗೆ ಗತಿ ಕೆಟ್ಟಾಗ ಕಾಲಿಗೆ ಎಲ್ಲಿಂದ ಬಲ ಬರುತ್ತದೋ ದೇವರೇ ಬಲ್ಲ. ಗೆದ್ದರೆ ಎಲ್ಲ ಸರಿಹೋಗುತ್ತದೆ, ಗೆದ್ದರೆ ಅವ್ವನ ಕಾಲಿಗೆ ಬೀಳುತ್ತೇನೆ, ಅತೀಕನ ಕಾಲಿಗೂ ಬೀಳುತ್ತೇನೆ ಎಂದು ಬಾಯಿಬಿಟ್ಟೇ ಹೇಳಿಕೊಳ್ಳುತ್ತ ತುಳಿದ.

ಹಿಂದಿನ ಗುಂಪಿಗೆ ಸುದ್ದಿ ಮುಟ್ಟಿದ್ದೇ ತಡ, ಎಲ್ಲರೂ ಅತೀಕನ ಮೇಲೆ ಹರಿಹಾಯ್ದರು. ಮಾತು ಕೊಟ್ಟವನು ನೀನು, ನೀನೇ ಹಿಡಿದು ತಾ ಎಂದರು. ಹತ್ತು ವರ್ಷ ಸ್ವಾಮಿಯ ಬೆನ್ನ ಹಿಂದೆ ಗಾಳಿ ತಪ್ಪಿಸಿಕೊಂಡು ಬಂದಿದ್ದ ಅತೀಕ್ ಅಂದು ತಾನೇ ಗಾಳಿಗೆ ಮುಖ ಕೊಟ್ಟು ಅಟ್ಟಿಸಿಕೊಂಡು ಬಂದ. ಚನ್ನಪಟ್ಟಣದಲ್ಲಿ ಗೆಲುವಿನ ಕಮಾನು ಕಣ್ಣಿಗೆ ಕಾಣುತ್ತಿದ್ದಾಗ ಸ್ವಾಮಿಯ ತೊಡೆ ಹಿಡಿದುಕೊಂಡಿತು. ಗುಂಪು ಎರಡೂ ಬದಿಯಿಂದ ಅವನನ್ನು ದಾಟಿತು. ಅತೀಕ್ ಬೈದಿದ್ದರೂ ಆಗುತ್ತಿತ್ತು, ತಿರುಗಿಯೂ ನೋಡಲಿಲ್ಲ. ಎಲ್ಲರ ಹಿಂದೆ ಸ್ವಾಮಿ ಗೆರೆ ದಾಟಿದಾಗ ಮ್ಯಾನೇಜರು ಅವನ ಬ್ಯಾಗನ್ನು ಆಗಲೇ ಕಾರಿನಿಂದ ಇಳಿಸಿಟ್ಟಿದ್ದ.

ಸಂಜೆ ಮನೆಗೆ ಹೋದ. ಅವ್ವ ಮುದ್ದೆ ಬಡಿಸಿ ಎದುರಿಗೆ ಕೂತಳು. ಊರವರು ಏನೇನು ಆಡಿಕೊಂಡಿದ್ದರೋ, ಅವಳು ಅದನ್ನು ಎತ್ತಲಿಲ್ಲ.

"ತೆಪ್ಪು ನಂದೇ ಕಣಪ್ಪ," ಅಂದಳು. "ನೀನು ಬಲಗಡೀಕೆ ಬತ್ತೀಯ ಅಂತ ನಂಗೇನ್ ಗೊತ್ತು, ಎಡಕ್ಕೆ ನಿಂತ್ಬುಟ್ಟಿದ್ದೆ. ಅದ್ಕೇ ನಿಂಗೆ ಕಾಣ್ನಿಲ್ಲ."

ಹೂಂ ಎಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಇಡೀ ದಿನದಲ್ಲಿ ಒಂದಾದರೂ ನೆಟ್ಟಗಿನ ಮಾತು ಆಡಬೇಕು ಅನ್ನಿಸಿತು.

"ಕಂಡೆ ಕಣವ್ವ. ನೋಡ್ದೆ ನಿನ್ನ."

ಮುನಿಯಮ್ಮ ಅವನ ತಟ್ಟೆಗೆ ಒಸಿ ಸಾರು ಬಿಟ್ಟಳು.

"ನೋಡ್ಬುಟ್ಟೂ ಹೋದ್ಮೇಲೆ," ಅಂದಳು, "ಗೆದ್ದಾದ್ರೂ ಬರ್ಬಾರ್ದಿತ್ತಾ ಮಗ."