ಒರ್ಸೆತ್ತಾಳ ಅರ್ಜಿಗಳು

ರಮಾಗೆ ಆ ಕೆಲಸ ಸಿಕ್ಕಿದ್ದು ಎರಡು ಸಾವಿರದ ಇಸವಿಯ ಫೆಬ್ರುವರಿಯಲ್ಲಿ. ಧಾರವಾಡದ ಕಾಲೇಜೊಂದರಲ್ಲಿ ಆರು ವರ್ಷ ಸಂಗೀತ ಪಾಠ ಹೇಳಿದ್ದ ಅವಳು, ಮದುವೆಯಾಗಿ ಮಿಲ್ಪಿಟಾಸ್‌ಗೆ ಬಂದ ಮೇಲೆ ಗ್ರೀನ್ ಕಾರ್ಡು ಸಿಗುವವರೆಗೂ ಮನೆಯಲ್ಲೇ ಇದ್ದಳು. ಗಂಡ ಸುಮನ್ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರು. ಕಾರ್ಡು ಬಂದು ಎರಡು ತಿಂಗಳಾಗುವಷ್ಟರಲ್ಲಿ ಫಾಸ್ಟರ್ ಸಿಟಿಯ ಹೊಸ ಕಂಪನಿಯೊಂದು ರಮಾಳನ್ನು ಕರೆಯಿತು. ಹಳೆಯ ಕಾಲದ ಸಂಗೀತಗಾರರ ಜೀವನಚರಿತ್ರೆಗಳನ್ನು ಇಂಟರ್ನೆಟ್ಟಿಗೆ ಹಾಕುವುದು ಅದರ ಉದ್ಯಮ. ಇದರಿಂದ ಕಂಪನಿ ಹೇಗೆ ನಡೆಯುತ್ತದೆ ಎಂದು ಆ ವರ್ಷ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ಬೆಳಿಗ್ಗೆ 880 ಹೆದ್ದಾರಿ ಹಿಡಿದು, ಸ್ಯಾನ್ ಮಟೇಯೊ ಸೇತುವೆ ದಾಟಿ ಆಫೀಸು ಸೇರಿದರೆ ದಿನಕ್ಕೆ ಎರಡು ಜೀವನಚರಿತ್ರೆ ಬರೆಯಬೇಕು. ಸತ್ತವರ ಬಗ್ಗೆ ಮುನ್ನೂರು ಪದ. ರಮಾ ಅದನ್ನು ಅಚ್ಚುಕಟ್ಟಾಗಿ ಮಾಡುತ್ತಿದ್ದಳು.

ಜುಲೈನಲ್ಲಿ ಪಟ್ಟಿಯಲ್ಲಿ ಒರ್ಸೆತ್ತಾ ಎಂಬ ಹೆಸರು ಬಂತು. ಲೈಬ್ರರಿಯ ದಪ್ಪ ಪುಸ್ತಕದಲ್ಲಿ ಅವಳ ಬಗ್ಗೆ ಮೂರೇ ಸಾಲು. ಹಸುಗೂಸಾಗಿದ್ದಾಗ ವೆನಿಸ್ಸಿನ ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ಮಗು. ಅಲ್ಲೇ ನಲವತ್ತೊಂದು ವರ್ಷ ಪಿಟೀಲು ನುಡಿಸಿದಳು, ಕಲಿಸಿದಳು, ಕೆಲವು ಕೃತಿ ರಚಿಸಿದಳು. 1748ರಲ್ಲಿ ಎದೆಬೇನೆಯಿಂದ ತೀರಿಕೊಂಡಳು. ಅಡ್ಡಹೆಸರಿಲ್ಲ. ಅನಾಥಾಲಯದ ದಫ್ತರದಲ್ಲಿ ಅವಳು ‘ಪಿಟೀಲಿನ ಒರ್ಸೆತ್ತಾ’ ಅಷ್ಟೆ.

ರಮಾ ಆ ಮೂರು ಸಾಲನ್ನು ಆರು ಮಾಡಿ ಕೊಟ್ಟಳು. ಅವಳ ಮೇಲಿನವನು ಯೋಗಾನಂದ, ಮಂಡ್ಯದ ಕಡೆಯವನು, ಅವಳಿಗಿಂತ ಏಳು ವರ್ಷ ಚಿಕ್ಕವನು. ಕಾಗದ ಹಿಡಿದುಕೊಂಡು ಅವಳ ಮೇಜಿನ ಹತ್ತಿರ ಬಂದ.

“ಮೇಡಂ, ಇಷ್ಟೇನಾ? ಹೆಂಗಸು, ಆರ್ಫನ್ನು, ವೆನಿಸ್ಸು. ಇಂಥಾ ಮೆಟೀರಿಯಲ್ ಇಟ್ಕೊಂಡು ಆರು ಲೈನಾ?”

“ಅಷ್ಟೇ ಗೊತ್ತಿರೋದು.”

“ಅವಳ ಮನಸ್ಸಲ್ಲಿ ಏನ್ ನಡೀತಿತ್ತು, ಅದು ಬೇಕು ಜನಕ್ಕೆ. ಡೈರಿ ಥರ ಬರೀರಿ.”

“ಅವಳ ಡೈರಿ ಇಲ್ಲಲ್ಲ ಯೋಗಾನಂದ.”

“ಇದ್ದಿದ್ರೆ ಹೆಂಗಿರ್ತಿತ್ತು ಅಂತ ಬರೀರಿ. ಇದು ಕಲ್ಪನೆ ಅಂತ ಕೆಳಗೊಂದು ನೋಟ್ ಹಾಕೋಣ.”

ಒಲ್ಲದ ಮನಸ್ಸಿನಿಂದ ಶುರು ಮಾಡಿದರೂ ರಮಾಗೆ ಆ ಬರವಣಿಗೆ ಹಿಡಿಸಿಬಿಟ್ಟಿತು. ಆ ಕಾಲದಲ್ಲಿ ಅನಾಥಾಲಯದ ಹುಡುಗಿಯರು ಚರ್ಚಿನ ಮೇಲಟ್ಟದಲ್ಲಿ, ಕಬ್ಬಿಣದ ಜಾಲರಿಯ ಹಿಂದೆ ಕೂತು ನುಡಿಸುತ್ತಿದ್ದರು. ಕೆಳಗಿನವರಿಗೆ ಸಂಗೀತ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ರಮಾ ನಾಲ್ಕು ದಿನ ಕೂತು ಹನ್ನೊಂದು ಪುಟ ಬರೆದಳು. ಬಿಟ್ಟುಹೋದ ತಾಯಿ, ಕಾಲುವೆಯ ಮೇಲಿನ ಬೆಳದಿಂಗಳು, ದೋಣಿಯವನೊಬ್ಬನ ದನಿ ಎಲ್ಲ ಬಂದವು. ‘ಜಾಲರಿಯ ಆಚೆಯವರು ನನ್ನ ಪಿಟೀಲನ್ನು ಕೇಳುತ್ತಾರೆ, ನನ್ನ ಅಳುವನ್ನಲ್ಲ’ ಎಂಬ ಸಾಲು ಬರೆದಾಗ ಅವಳ ಕಣ್ಣಲ್ಲೇ ನೀರು ಬಂತು.

ಪುಟ ಆಗಸ್ಟಿನಲ್ಲಿ ಇಂಟರ್ನೆಟ್ಟಿಗೆ ಹೋಯಿತು. ಉಳಿದ ಪುಟಗಳನ್ನು ನೂರು ಜನ ನೋಡಿದರೆ ಇದನ್ನು ಸಾವಿರಗಟ್ಟಲೆ ಜನ ನೋಡಿದರು. ಅಕ್ಟೋಬರಿನಲ್ಲಿ ಇಡೀ ವೆಬ್‌ಸೈಟಿನ ರೂಪ ಬದಲಾಯಿಸುವಾಗ ಇದು ಕಲ್ಪನೆ ಎಂಬ ಕೆಳಗಿನ ನೋಟು ಹಾರಿಹೋಯಿತು. ಯಾರೂ ಬೇಕೆಂದು ತೆಗೆದದ್ದಲ್ಲ, ಹೊಸ ರೂಪದಲ್ಲಿ ಅದಕ್ಕೆ ಜಾಗ ಇರಲಿಲ್ಲ. ರಮಾ ಅದನ್ನು ಅದೇ ದಿನ ಗಮನಿಸಿದಳು. ಸೋಮವಾರ ಹೇಳಿದರಾಯಿತು ಅಂದುಕೊಂಡಳು. ಸೋಮವಾರದ ಹೊತ್ತಿಗೆ ಓಹಾಯೋದ ಹೆಂಗಸೊಬ್ಬಳ ಇ-ಮೇಲ್ ಬಂದಿತ್ತು: ಒರ್ಸೆತ್ತಾಳ ಡೈರಿ ಓದಿ, ಇಪ್ಪತ್ತು ವರ್ಷದಿಂದ ಮುಚ್ಚಿಟ್ಟಿದ್ದ ತನ್ನ ಪಿಟೀಲನ್ನು ಹೊರಗೆ ತೆಗೆದೆ ಎಂದು. ಅಂಥವು ದಿನಾ ಒಂದೆರಡು ಬರತೊಡಗಿದವು. ರಮಾ ಸುಮ್ಮನಾದಳು.

ಅತ್ತೆ ದಾನವ್ವ ಆರು ತಿಂಗಳ ಮಟ್ಟಿಗೆ ಬಂದಿದ್ದದ್ದು ಆಗಲೇ. ದಾನವ್ವ ಗದಗಿನ ಕಡೆಯ ನಾಟಕ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಪೇಟಿ ಬಾರಿಸಿದವರು. ರಂಗದ ಪಕ್ಕದ ತಗ್ಗಿನಲ್ಲಿ ಕೂತು ಹಾರ್ಮೋನಿಯಂ ನುಡಿಸಿಯೇ ಮಗನನ್ನು ಓದಿಸಿದ್ದರು. ಒಂದು ಶನಿವಾರ ಅವರು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಸೋಸುತ್ತ ಕೂತಿದ್ದಾಗ ರಮಾ ಡೈರಿಯ ಪುಟಗಳನ್ನು ಕನ್ನಡ ಮಾಡಿ ಓದಿ ಹೇಳಿದಳು. ಯಾರು ಬರೆದದ್ದೆಂದು ಹೇಳಲಿಲ್ಲ. ದಾನವ್ವ ಪೂರ್ತಿ ಕೇಳಿದರು.

“ಇಕಿ ಬಾರಸೂದು ಯಾವಾಗ?” ಎಂದರು.

“ಅಂದ್ರ?”

“ಬರೇ ಅಳೂದ ಐತಲ್ಲ. ಬಾರಸೂ ಮುಂದ ಅಳಾಕ ಪುರಸೊತ್ತು ಎಲ್ಲಿರತೈತಿ?”

“ನೀವು ಬಾರಸೂ ಮುಂದ ಏನ್ ವಿಚಾರ ಮಾಡ್ತಿದ್ರಿ ಅತ್ತಿ?”

ದಾನವ್ವ ಕೈಯಲ್ಲಿದ್ದ ಕಡ್ಡಿಯನ್ನು ಬದಿಗಿಟ್ಟು ಸ್ವಲ್ಪ ಯೋಚಿಸಿದರು. “ಹಾಡಾಂವಗ ಉಸರು ಸಾಲತೈತೋ ಇಲ್ಲೋ ನೋಡತಿದ್ನಿ. ಸಾಲಲಿಲ್ಲಂದ್ರ ನಾ ಒಂದೀಟ ಎಳದು ತುಂಬತಿದ್ನಿ. ಒಂದು ಕರೇ ಪಟ್ಟಿ ಮಳಿಗಾಲದಾಗ ಒತ್ತಿದರ ಮ್ಯಾಲ ಏಳತಿರಲಿಲ್ಲ. ಅದನ್ನ ಬಿಟ್ಟು ಬಾರಸಬೇಕಿತ್ತು. ಮತ್ತೇನು ವಿಚಾರ.”

ರಮಾಗೆ ಸ್ವಲ್ಪ ಮುನಿಸೇ ಬಂತು. ಆದರೆ ಮಾರನೆಯ ದಿನ ತನ್ನ ಹನ್ನೊಂದು ಪುಟವನ್ನು ಮತ್ತೆ ಓದಿದಾಗ ಅತ್ತೆಯ ಮಾತು ನಿಜ ಎನ್ನಿಸಿತು. ಅದರಲ್ಲಿ ಒಂದು ತಂತಿಯೂ ಹರಿದಿರಲಿಲ್ಲ, ಒಂದು ಬೆರಳೂ ನೊಂದಿರಲಿಲ್ಲ.

ನವೆಂಬರಿನಲ್ಲಿ ಹ್ಯಾರಿಯೆಟ್ ಲಿಂಡ್ ಎಂಬಾಕೆಯ ಇ-ಮೇಲ್ ಬಂತು. ಬರ್ಕ್ಲಿಯಲ್ಲಿರುವ ಸಂಗೀತ ಕಲಿಸಿ ನಿವೃತ್ತರಾದವರು. ಹನ್ನೊಂದು ವರ್ಷದಿಂದ ಒರ್ಸೆತ್ತಾಳ ಬಗ್ಗೆ ಹುಡುಕುತ್ತಿದ್ದೇನೆ, ಡೈರಿ ಇರುವುದು ಗೊತ್ತೇ ಇರಲಿಲ್ಲ, ಯಾವ ಸಂಗ್ರಹಾಲಯದಲ್ಲಿದೆ, ಎಷ್ಟನೆಯ ಕಟ್ಟು, ದಯವಿಟ್ಟು ತಿಳಿಸಿ. ವಸಂತದಲ್ಲಿ ಹೋಗಿ ನೋಡಿಬರಲು ಟಿಕೆಟ್ಟು ವಿಚಾರಿಸುತ್ತಿದ್ದೇನೆ ಎಂದು ಬರೆದಿದ್ದರು.

ರಮಾ ಉತ್ತರ ಬರೆಯಲು ಮೂರು ಸಲ ಕೂತು ಮೂರು ಸಲವೂ ಅಳಿಸಿದಳು. ಕೊನೆಗೆ ಫೋನ್ ಮಾಡಿ, ನಾನೇ ಬರುತ್ತೇನೆ ಎಂದು ಹೇಳಿ ಶನಿವಾರ ಬರ್ಕ್ಲಿಗೆ ಹೋದಳು.

ಹ್ಯಾರಿಯೆಟ್ ಎಪ್ಪತ್ತು ದಾಟಿದ, ಎತ್ತರದ ಹೆಂಗಸು. ಚಹಾಕ್ಕೆ ನೀರಿಟ್ಟು, ಬರೆದುಕೊಳ್ಳಲು ಪೆನ್ಸಿಲ್ ಸಿದ್ಧ ಮಾಡಿಕೊಂಡು ಕೂತಿದ್ದರು. ರಮಾ ಕೋಟು ಸಹ ತೆಗೆಯದೆ ಹೇಳಿಬಿಟ್ಟಳು. “ಡೈರಿ ಇಲ್ಲ. ಅದನ್ನು ಬರೆದದ್ದು ನಾನು.”

ಹ್ಯಾರಿಯೆಟ್ ಪೆನ್ಸಿಲನ್ನು ಕೆಳಗಿಟ್ಟರು. ಒಲೆಯ ಮೇಲೆ ನೀರು ಕುದಿಯಿತು, ಎದ್ದು ಹೋಗಿ ಆರಿಸಿ ಬಂದರು.

“ಅದರ ಎರಡನೆಯ ಪುಟವನ್ನು ಫೋನಿನಲ್ಲಿ ನನ್ನ ತಂಗಿಗೆ ಓದಿ ಹೇಳಿದ್ದೆ. ಇನ್ನು ಅವಳಿಗೆ ಮತ್ತೆ ಫೋನ್ ಮಾಡಬೇಕು,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ರಮಾಗೆ ಹಗುರವಾಗುತ್ತಿತ್ತು.

“ಸರಿಪಡಿಸುತ್ತೇನೆ,” ಎಂದಳು ರಮಾ.

“ಸರಿಪಡಿಸುವ ಮುಂಚೆ ನಿಜವಾಗಿ ಇರುವುದನ್ನು ನೋಡಿಕೊಂಡು ಹೋಗಿ,” ಎಂದು ಹ್ಯಾರಿಯೆಟ್ ಒಳಗಿನಿಂದ ಒಂದು ಫೈಲು ತಂದರು. ಆರು ಹಾಳೆ ನೆರಳಚ್ಚು. ಒರ್ಸೆತ್ತಾ ಅನಾಥಾಲಯದ ಆಡಳಿತ ಮಂಡಳಿಗೆ ಬರೆದುಕೊಂಡ ಅರ್ಜಿಗಳು. ಬೇರೆ ಕಡತದ ಜೊತೆ ಸೇರಿಹೋಗಿದ್ದವು, ಯಾರೂ ಅಚ್ಚು ಮಾಡಿಸಿರಲಿಲ್ಲ. ಹ್ಯಾರಿಯೆಟ್ ಒಂದೊಂದನ್ನೇ ಇಂಗ್ಲಿಷಿನಲ್ಲಿ ಓದಿ ಹೇಳಿದರು.

1719: ತಂತಿಗಳು ತೇವಕ್ಕೆ ಹರಿಯುತ್ತಿವೆ, ಕಳೆದ ವಾರ ಮೂರು ಹೋದವು, ಹೊಸ ತಂತಿ ಬೇಕು. 1724: ಚಳಿಗಾಲದಲ್ಲಿ ಬೆರಳು ಮಡಚಲಾಗುವುದಿಲ್ಲ, ಅಭ್ಯಾಸದ ಕೋಣೆಗೆ ಒಂದು ಅಗ್ಗಿಷ್ಟಿಕೆ ಕೊಡಬೇಕು. 1731: ಕನ್ನಡಕ ಬೇಕು. ಪಕ್ಕದಲ್ಲಿ ಮಂಡಳಿ ಬರೆದ ಉತ್ತರ: ಇಲ್ಲ. 1732: ಕನ್ನಡಕ ಬೇಕು. ಇಲ್ಲ.

1733ರದ್ದು ಸ್ವಲ್ಪ ಉದ್ದ. ‘ನಾವು ನುಡಿಸುವ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡಿದ್ದೇನೆ, ಆದ್ದರಿಂದ ನನಗೆ ಕಾಣುವುದಿಲ್ಲವೆಂದು ಯಾರಿಗೂ ತಿಳಿದಿಲ್ಲ. ಆದರೆ ಇನ್ನೂ ನುಡಿಸದೆ ಇರುವುದನ್ನು ಬಾಯಿಪಾಠ ಮಾಡಲು ನನ್ನಿಂದಾಗದು.’ ಪಕ್ಕದಲ್ಲಿ: ಕೊಡಿ.

ಕೊನೆಯದು 1741. ಮೆನೆಗಾ ಎಂಬ ಹುಡುಗಿಗೆ ಮದುವೆ ಗೊತ್ತಾಗಿದೆ, ಮದುವೆಯಾದವಳು ಮತ್ತೆ ನುಡಿಸುವಂತಿಲ್ಲ, ಈಸ್ಟರ್ ಮುಗಿಯುವವರೆಗಾದರೂ ಅವಳನ್ನು ನುಡಿಸಲು ಬಿಡಬೇಕು, ಅವಳ ಜಾಗದಲ್ಲಿ ನಿಲ್ಲುವವರು ಇಲ್ಲ. ಅದರ ಪಕ್ಕದಲ್ಲಿ ಯಾವ ಉತ್ತರವೂ ಇರಲಿಲ್ಲ.

“ಬಿಟ್ಟರೋ ಇಲ್ಲವೋ?” ಎಂದು ಕೇಳಿದಳು ರಮಾ.

“ಗೊತ್ತಿಲ್ಲ,” ಎಂದರು ಹ್ಯಾರಿಯೆಟ್. “ಗೊತ್ತಿಲ್ಲದ್ದನ್ನು ನಾನು ಗೊತ್ತಿಲ್ಲ ಎಂದೇ ಬರೆಯುತ್ತೇನೆ.”

ರಮಾ ತಲೆ ತಗ್ಗಿಸಿ ಆ ಮಾತು ತೆಗೆದುಕೊಂಡಳು. ಹಾಳೆಗಳ ಪ್ರತಿ ಮಾಡಿಕೊಳ್ಳಬಹುದೇ ಎಂದು ಕೇಳಿದಾಗ ಹ್ಯಾರಿಯೆಟ್ ಸ್ವಲ್ಪ ತಡೆದು, ಕೊಟ್ಟರು.

ಸೋಮವಾರ ಯೋಗಾನಂದನ ಹತ್ತಿರ ಹೋದಳು. ಡೈರಿ ತೆಗೆದು ಅರ್ಜಿಗಳನ್ನು ಹಾಕಬೇಕು, ಅದಾಗದಿದ್ದರೆ ಇದು ಕಲ್ಪನೆ ಎಂದು ತಲೆಯ ಮೇಲೆಯೇ ಬರೆಯಬೇಕು ಎಂದಳು.

“ಮೇಡಂ, ಸೈಟಲ್ಲಿ ಟಾಪ್ ಪೇಜು ಅದು,” ಎಂದ ಯೋಗಾನಂದ. “ಇನ್ವೆಸ್ಟರ್ಸ್ ಮೀಟಿಂಗಲ್ಲೂ ಅದನ್ನೇ ತೋರಿಸ್ತಿದೀವಿ. ಫೇಕು ಅಂತ ಮೇಲೆ ಬರೆದ್ರೆ ಯಾರು ಓದ್ತಾರೆ? ಇನ್ನೂರೈವತ್ತು ವರ್ಷದ ಹಿಂದೆ ಸತ್ತೋಗಿರೋಳು. ಅವಳಿಗೇನು ಲಾಸು?”

“ಅವಳು ಕನ್ನಡಕ ಕೇಳ್ತಾ ಇದ್ಲು. ನಾನು ಅವಳ ಕೈಲಿ ಬೆಳದಿಂಗಳು ನೋಡಿಸಿದೀನಿ.”

ಯೋಗಾನಂದನಿಗೆ ಅರ್ಥವಾಗಲಿಲ್ಲ. ಮೀಟಿಂಗು ಮುಗಿಯಲಿ ನೋಡೋಣ ಎಂದ. ಕೆಟ್ಟ ಮನುಷ್ಯನಲ್ಲ, ಅವನಿಗೂ ಮೇಲಿನವರಿದ್ದರು. ರಮಾ ತನ್ನ ಕಂಪ್ಯೂಟರಿಗೆ ಹೋಗಿ, ಪುಟದ ನೆತ್ತಿಯ ಮೇಲೆ ‘ಈ ಡೈರಿ ನಿಜವಲ್ಲ, ಇದನ್ನು ಬರೆದವಳು ನಾನು’ ಎಂದು ಸೇರಿಸಿ ಕೆಳಗೆ ತನ್ನ ಹೆಸರು ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಅದು ಇರಲಿಲ್ಲ. ಮತ್ತೆ ಹಾಕಿದಳು. ಮಾರನೆಯ ಬೆಳಿಗ್ಗೆ ಅವಳ ಪಾಸ್‌ವರ್ಡು ನಡೆಯಲಿಲ್ಲ. ಅವಳು ರಾಜೀನಾಮೆ ಬರೆದು, ಮೇಜಿನ ಮೇಲಿದ್ದ ತನ್ನ ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದಳು. ಸುಮನ್ ಯಾಕೆ ಏನು ಎಂದು ಕೇಳಿ, ಎಲ್ಲ ತಿಳಿದ ಮೇಲೆ “ಛಲೋ ಮಾಡ್ದಿ” ಎಂದಷ್ಟೇ ಹೇಳಿದ.

ಆಮೇಲಿನ ಕೆಲಸ ಮನೆಯಿಂದಲೇ ನಡೆಯಿತು. ಡೈರಿ ಓದಿ ಬರೆದವರು ನಲವತ್ತಮೂರು ಜನ, ಅವರ ವಿಳಾಸಗಳನ್ನು ಅವಳು ಮೊದಲೇ ಬರೆದಿಟ್ಟುಕೊಂಡಿದ್ದಳು. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ನಿಜ ಬರೆದು, ಜೊತೆಗೆ ಹ್ಯಾರಿಯೆಟ್‌ರ ಒಪ್ಪಿಗೆ ಪಡೆದು ಅರ್ಜಿಗಳನ್ನು ಕಳಿಸಿದಳು. ಹದಿನೆಂಟು ಜನ ಉತ್ತರ ಕೊಟ್ಟರು. ಇಬ್ಬರು ಬೈದರು. ಓಹಾಯೋದ ಹೆಂಗಸು, ಪಿಟೀಲನ್ನು ತೆಗೆದದ್ದಾಗಿದೆ, ಈಗ ಮತ್ತೆ ಒಳಗಿಡುವುದಿಲ್ಲ, ಆದರೆ ನಿಮ್ಮ ಮೇಲೆ ನನಗೆ ಬೇಸರವಾಗಿದೆ ಎಂದು ಬರೆದಳು. ಫೆಬ್ರುವರಿಯಲ್ಲಿ ಕಂಪನಿಯೇ ಮುಚ್ಚಿತು, ಪುಟವೂ ಅದರೊಂದಿಗೆ ಹೋಯಿತು. ಅಷ್ಟರಲ್ಲಿ ಅದನ್ನು ಬೇರೆ ಮೂರು ಕಡೆ ಯಾರೋ ನಕಲು ಮಾಡಿ ಹಾಕಿಕೊಂಡಿದ್ದರು. ರಮಾ ಅವರಿಗೂ ಬರೆದಳು. ಇಬ್ಬರು ತೆಗೆದರು. ಮೂರನೆಯವನ ವಿಳಾಸ ಗೊತ್ತಾಗಲಿಲ್ಲ.

ಮಾರ್ಚಿನ ಮೊದಲ ವಾರ ಹ್ಯಾರಿಯೆಟ್ ಫೋನ್ ಮಾಡಿದರು. ಒರ್ಸೆತ್ತಾಳ ಒಂದು ಕೃತಿಯಲ್ಲಿ ಎರಡನೆಯ ಪಿಟೀಲಿನ ಹಾಳೆಗಳು ಮಾತ್ರ ಉಳಿದಿವೆ, ಉಳಿದ ವಾದ್ಯಗಳದ್ದೆಲ್ಲ ಕಳೆದುಹೋಗಿದೆ; ಭಾನುವಾರ ಮಧ್ಯಾಹ್ನ ಇಲ್ಲಿಯ ಚರ್ಚಿನಲ್ಲಿ ಅದೊಂದನ್ನೇ ನುಡಿಸುತ್ತೇವೆ, ಅರ್ಜಿಗಳನ್ನೂ ಓದುತ್ತೇವೆ, ಬರುವುದಾದರೆ ಬನ್ನಿ ಎಂದರು. ರಮಾ ಅತ್ತೆಯನ್ನು ಕರೆದುಕೊಂಡು ಹೋದಳು.

ಮೂವತ್ತು ಜನ ಇದ್ದರೇನೋ. ಹ್ಯಾರಿಯೆಟ್ ಅರ್ಜಿ ಓದುತ್ತ ಹೋದಂತೆ ರಮಾ ಪಿಸುದನಿಯಲ್ಲಿ ಕನ್ನಡ ಮಾಡಿ ಹೇಳಿದಳು. ಕನ್ನಡಕದ ಮೂರನೆಯ ಅರ್ಜಿಗೆ ದಾನವ್ವ ತಲೆದೂಗಿದರು. “ಇಕಿ ಬಾರಸಾಕಿ,” ಎಂದರು.

ಆಮೇಲೆ ತರುಣಿಯೊಬ್ಬಳು ಎದ್ದು ನಿಂತು ನುಡಿಸಿದಳು. ಎರಡನೆಯ ಪಿಟೀಲಾದ್ದರಿಂದ ರಾಗದ ಮುಖ್ಯ ಎಳೆ ಅದರಲ್ಲಿರಲಿಲ್ಲ. ನಾಲ್ಕು ಸ್ವರ ಬಂದು ನಿಲ್ಲುತ್ತಿತ್ತು, ಮತ್ತೆ ಎರಡು ಬರುತ್ತಿತ್ತು. ನಡುವೆ ಒಂದು ಕಡೆ, ಕಳೆದುಹೋದ ವಾದ್ಯಗಳು ನುಡಿಯಬೇಕಿದ್ದಲ್ಲಿ, ಉದ್ದದ ಬಿಡುವು. ತರುಣಿ ಕಮಾನನ್ನು ಇಳಿಸಿ, ಕಣ್ಣನ್ನು ಹಾಳೆಯ ಮೇಲಿಟ್ಟು ಸುಮ್ಮನೆ ನಿಂತಳು. ಚರ್ಚಿನಲ್ಲಿ ಒಂದು ಸದ್ದಿಲ್ಲ. ಮುಂದಿನ ಸಾಲಿನವನೊಬ್ಬ ಮುಗಿಯಿತೆಂದುಕೊಂಡು ಚಪ್ಪಾಳೆಗೆ ಕೈ ಎತ್ತಿ, ಪಕ್ಕದವಳ ಮುಖ ನೋಡಿ ಇಳಿಸಿದ.

“ಯಾಕ ನಿಂತ್ಲು?” ಎಂದು ಕೇಳಿದಳು ರಮಾ, ಗೊತ್ತಿದ್ದೂ.

“ನಿಂತಿಲ್ಲ. ಎಣಸಾಕ್ಹತ್ಯಾಳ,” ಎಂದರು ದಾನವ್ವ.

ಅವರ ಬಲಗೈ ಮೊಣಕಾಲಿನ ಮೇಲೆ ಮೆಲ್ಲಗೆ ತಾಳ ಹಾಕುತ್ತಿತ್ತು. ರಮಾ ಪಿಟೀಲನ್ನು ಬಿಟ್ಟು ಆ ಕೈಯನ್ನೇ ನೋಡಿದಳು. ತರುಣಿ ಕಮಾನು ಎತ್ತಿದ್ದು ದಾನವ್ವ ಅಂದುಕೊಂಡದ್ದಕ್ಕಿಂತ ಒಂದು ಏಟು ತಡವಾಗಿ. ದಾನವ್ವ ಹುಬ್ಬೇರಿಸಿ, ಆ ಒಂದು ಏಟನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡು, ಮುಂದಿನದನ್ನು ಎಣಿಸತೊಡಗಿದರು.