ಕರಿಗಲ್ಲಿನ ಹಿಡಿ

ಅಂದು ಬೆಳಗ್ಗೆ ಬಡಗಣ ಒಣಗಾಳಿ ಊರಿಗೆಲ್ಲ ಬೂದಿಬಣ್ಣದ ಧೂಳು ಹೊದಿಸಿತ್ತು. ಸೂರ್ಯ ಮೇಲೇರಿದ್ದರೂ ಬರಿಗಣ್ಣಿಂದ ನೋಡುವಷ್ಟು ಮಂಕಾಗಿದ್ದ. ತುಟಿ ಒಡೆಯುವ ಚಳಿಯಲ್ಲಿ ಸೆಫಾಕೊರ್ ಮರಗೆಣಸಿನ ರಾಶಿಯ ಮುಂದೆ ಒಬ್ಬಳೇ ಕೂತು ಸಿಪ್ಪೆ ಹೆರೆಯುತ್ತಿದ್ದಳು.

ಒಬ್ಬಳೇ ಕೂತು ಮಾಡುವ ಕೆಲಸವಲ್ಲ ಅದು. ಯಾರ ಮನೆಗೆ ಗೆಣಸು ಬಂದರೂ ಕೇರಿಯ ಹೆಂಗಸರೆಲ್ಲ ಚಾಕು ಹಿಡಿದು ಬಂದು ಸುತ್ತ ಕೂರಬೇಕು, ನಗಬೇಕು, ಬಾರದವರನ್ನು ಆಡಿಕೊಳ್ಳಬೇಕು. ಮಗಳು ಎಲಿನಾಮಳನ್ನು ಮಣ್ಣು ಮಾಡಿದ ಮೇಲೆ ಈ ಅಂಗಳಕ್ಕೆ ಯಾರೂ ಕಾಲಿಟ್ಟಿರಲಿಲ್ಲ.

ತನ್ನ ತಾಯಿಗೆ ಕಾಯಿಲೆಯೆಂದು ತವರಿಗೆ ಹೊರಟ ದಿನ ಸೆಫಾಕೊರ್ ತುರಿದ ಕಹಿಗೆಣಸನ್ನು ಚೀಲಕ್ಕೆ ತುಂಬಿ, ನಂಜಿನ ನೀರು ಹಿಂಡಿಹೋಗಲೆಂದು ಮೇಲೆ ತನ್ನ ಸಣ್ಣ ಕಲ್ಲುಗಳನ್ನೂ ನಡುವೆ ಕೇರಿಯ ಜಿಗ್ಬೋದಿಯಿಂದ ಕಡ ತಂದ ದೊಡ್ಡ ಕರಿಗಲ್ಲನ್ನೂ ಹೇರಿದ್ದಳು. "ಮೂರು ರಾತ್ರಿ ಕಳೀಲಿ ಮಗಾ, ಹುಳಿನೀರೆಲ್ಲ ಇಳೀಲಿ, ಆಮೇಲೆ ಬಿಚ್ಚು" ಎಂದಿದ್ದಳು. ಹುಡುಗಿ ಬಿಚ್ಚಿ, ಜರಡಿ ಹಿಡಿದು, ಹುರಿದು ಗಾರಿಯೆಂಬ ತರಿಹಿಟ್ಟು ಮಾಡಿ, ಹಸಿದವಳು ಬಟ್ಟಲು ತುಂಬ ತಿಂದಳು. ಗೆಣಸಿನ ನಂಜು ಇಳಿದಿರಲಿಲ್ಲ. ಸೆಫಾಕೊರ್ ಹಿಂತಿರುಗುವಷ್ಟರಲ್ಲಿ ಮಗಳ ಉಸಿರು ನಿಂತಿತ್ತು.

ಬೇಲಿಯಾಚೆ ನೀರಿಗೆ ಹೊರಟವರ ಮಾತು ಕೇಳಿಸಿತು.

"ಸಂತೆ ಹತ್ರ ಬಂತಲ್ಲ, ಬೇಗ ಬಿಚ್ಚು ಅಂತ ಹೇಳಿ ಹೋಗಿದ್ಲಂತೆ ಮಗೂಗೆ."

"ಇನ್ಮೇಲೆ ಅವಳ ಕೈ ಗಾರೀನ ನಾಯಿನೂ ಮೂಸಲ್ಲ ಬಿಡೆ."

ಸೆಫಾಕೊರ್ ತಲೆಯೆತ್ತಲಿಲ್ಲ. ಮೂರು ರಾತ್ರಿ ಎಂದೇ ಹೇಳಿದ್ದೆನೇ? ಹೊರಡುವ ಗಡಿಬಿಡಿಯಲ್ಲಿ ಬಾಯಿ ತಪ್ಪಿತೇ? ಪ್ರಾರ್ಥನೆಗೆ ಮಂಡಿಯೂರಿದಾಗಲೆಲ್ಲ ಅವಳು ಕೇಳುತ್ತಿದ್ದುದು ಅದೊಂದನ್ನೇ: ದೇವರೇ, ಕೊಂದದ್ದು ನನ್ನ ಮಾತೇ?

ಅಷ್ಟರಲ್ಲಿ ಅಬ್ರಾ ಅಜ್ಜಿ ಚಾಕು ಹಿಡಿದು ಕುಂಟುತ್ತ ಬಂದಳು. ಗಾರಿ ಹುರಿದು ಹುರಿದು ಅವಳ ಕಣ್ಣನ್ನು ಹೊಗೆ ಮುಕ್ಕಾಲು ತಿಂದಿತ್ತು.

"ಸರ್ಕೊಳ್ಳೇ ಆಚೆ. ನಂಗೆ ಗೆಣಸೂ ಒಂದೇ ಬೆರಳೂ ಒಂದೇ, ರಕ್ತ ಕಂಡ್ರೆ ಕೂಗು."

ಎಷ್ಟೋ ದಿನದ ಮೇಲೆ ಸೆಫಾಕೊರಳ ತುಟಿ ಸ್ವಲ್ಪ ಅರಳಿತು. ತುರಿ ತುಂಬಲೆಂದು ಅಂದಿನ ಚೀಲವನ್ನೇ ಗಳುವಿನಿಂದ ಇಳಿಸಿ ಕೊಡವಿದಳು. ಕೊಡವಿದವಳು ಹಾಗೇ ನಿಂತಳು. ಕಲ್ಲು ಕೂತಲ್ಲೆಲ್ಲ ಗೆಣಸಿನ ಹಾಲು ಒಣಗಿ ಬಿಳಿ ಬಳೆಯಂತೆ ಅಂಟಿತ್ತು. ಅವಳದೇ ಸಣ್ಣ ಕಲ್ಲುಗಳು ಬಿಟ್ಟ ಬಳೆಗುರುತುಗಳಿದ್ದವು. ನಡುವೆ ದೊಡ್ಡದೊಂದು ಇರಬೇಕಾದಲ್ಲಿ ಏನೂ ಇರಲಿಲ್ಲ.

"ಅಜ್ಜಿ, ಜಿಗ್ಬೋದಿ ಅಕ್ಕನ ಕರಿಗಲ್ಲು ಕಡ ತಂದು ಹೇರಿದ್ನಲ್ಲ..."

"ಕರಿಗಲ್ಲಾ? ನೀನು ತವರಿಗೆ ಹೋದ ಸಂಜೇನೇ ಅದು ಜಿಗ್ಬೋದಿ ಅಂಗಳದಲ್ಲಿತ್ತಲ್ಲೇ! ಎಡವಿ ಬಿದ್ದೋಳು ನಾನು. ಹೆಬ್ಬೆಟ್ಟು ನೋಡು, ಇನ್ನೂ ಬದನೆಕಾಯಿ."

ಹೇಳಿ ಮುಗಿಸಿದ ಮೇಲೆ ಅಜ್ಜಿಗೂ ಅರ್ಥವಾಯಿತು. ಅವಳ ಚಾಕು ನಿಂತಿತು.

ಜಿಗ್ಬೋದಿ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು ಆ ಕಲ್ಲು. ಕಡ ತಂದವಳು ಹಿಂತಿರುಗಿಸುವಾಗ ಅದರ ಮೇಲೆ ಹೊಸ ಗಾರಿಯ ಮೊದಲ ಹಿಡಿ ಇಟ್ಟು ಕೊಡಬೇಕು. ಸೆಫಾಕೊರ್ ಒಳಗೆ ಹೋದಳು. ಮಗಳು ಹುರಿದ ಬಾಣಲೆಯನ್ನು ಅವಳಿನ್ನೂ ತೊಳೆದಿರಲಿಲ್ಲ. ತಳದಲ್ಲಿ ಉಳಿದದ್ದನ್ನು ಬಳಿದು ಎಲೆಯಲ್ಲಿ ಮಡಿಸಿಕೊಂಡಳು. ಹೊಸ್ತಿಲಲ್ಲಿ ಒಂದು ಗಳಿಗೆ ಕಣ್ಣುಮುಚ್ಚಿ, ನನ್ನ ನಾಲಿಗೆ ನೀನೇ ಹಿಡಿದುಕೋ ತಂದೆ ಎಂದು ಬೇಡಿಕೊಂಡಳು.

ಜಿಗ್ಬೋದಿಯ ಅಂಗಳದಲ್ಲಿ ಕೇರಿಯ ಹೆಂಗಸರೆಲ್ಲ ಸುತ್ತ ಕೂತು ಹೆರೆಯುತ್ತಿದ್ದರು. ಇವಳನ್ನು ಕಂಡು ನಗು ನಿಂತಿತು. ಕರಿಗಲ್ಲು ಜಿಗ್ಬೋದಿಯ ಚೀಲದ ಮೇಲೆ ಕೂತಿತ್ತು.

"ಕಲ್ಲನ್ನ ನೀನೇ ಬಂದು ತಗೊಂಡು ಹೋಗಿದ್ದೀಯ ಅಕ್ಕ," ಎಂದಳು ಸೆಫಾಕೊರ್. "ಹಿಡಿ ನನ್ ಹತ್ರಾನೇ ಉಳ್ಕೊಂಡಿತ್ತು."

ಜಿಗ್ಬೋದಿಯ ಮುಖ ಧೂಳಿನ ಬಣ್ಣಕ್ಕೆ ತಿರುಗಿತು. "ಮಿಕ್ಕ ಕಲ್ಲು ಸಾಕಾಗುತ್ತೆ ಅನ್ಕೊಂಡೆ ತಂಗಿ... ಸಂತೆ ಹತ್ರ ಇತ್ತು... ಮಗೂಗೆ ಒಂದು ಮಾತು ಹೇಳ್ಬೇಕಿತ್ತು..."



ಸೆಫಾಕೊರ್ ಬಗ್ಗಿ, ಅವಳ ಒದ್ದೆ ಕೈಯನ್ನು ಬಿಡಿಸಿ, ಎಲೆಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು.

"ಎಲಿನಾಮ್ ಹುರಿದಿದ್ದು," ಎಂದಳು ಮೆಲ್ಲಗೆ. "ತಿನ್ಬೇಡ ಅಕ್ಕ."